ಪೂರಾ ಒಂದು ನಿಮಿಷ

ಗಂಟೆಗೆ ಎಂಬತ್ತು ಕಾಲರ್.
ಪೀಣ್ಯ ಎರಡನೇ ಹಂತದ ಫ್ಯಾಕ್ಟರಿಯಲ್ಲಿ
ಬೆನ್ನ ಹಿಂದೆ ನಿಂತು ಸ್ಟಾಪ್‌ವಾಚ್ ಒತ್ತುತ್ತಾನೆ ಸೂಪರ್‌ವೈಸರ್,
ಒಂದು ಕಮ್ಮಿಯಾದರೂ ಹೆಸರು ಬೋರ್ಡಿಗೆ.
ಎಣಿಕೆ ನನಗೆ ಹೊಸದಲ್ಲ.

ಮೊನ್ನೆ ರಾತ್ರಿ, ಲಗ್ಗೆರೆಯ ಶೀಟಿನ ಮನೆಯಲ್ಲಿ
ಹತ್ತು ತಿಂಗಳ ಯಶಿಕಾ ಕೆಮ್ಮುತ್ತ ಮಲಗಿದ್ದಳು.
ಮೈ ಅಷ್ಟೇನೂ ಸುಡುತ್ತಿರಲಿಲ್ಲ.
'ಹಲ್ಲು ಬರೋ ಹೊತ್ತು' ಅಂದರು ಅತ್ತೆ,
ದೊಡ್ಡಪತ್ರೆ ಬಾಡಿಸಿ ರಸ ಹಿಂಡಿದರು.
ನಾನೂ ಹೂಂ ಅಂದೆ.
ನಾಳೆ ರಜೆ ಹಾಕಿದರೆ ಹಾಜರಿ ಬೋನಸ್ ಹೋಗುತ್ತೆ,
ಹೂಂ ಅನ್ನುವುದು ಸುಲಭ.

ಲಸಿಕೆಯ ದಿನ ಆಶಾ ಚಿಕ್ಕತಾಯಮ್ಮ ಹೇಳಿದ್ದಳು:
'ಕೆಮ್ಮು ಕೇಳ್ಬೇಡ, ಉಸಿರು ನೋಡು.
ಅಳುವಾಗ ಬೇಡ, ಹಾಲು ಕುಡಿಯುವಾಗ ಬೇಡ.
ಅಂಗಿ ಎತ್ತಿ ಪೂರಾ ಒಂದು ನಿಮಿಷ.
ವರ್ಷ ತುಂಬದ ಕೂಸಿಗೆ ಐವತ್ತೇ ಗೆರೆ.
ಅರ್ಧ ಎಣಿಸಿ ಎರಡರಿಂದ ಗುಣಿಸೋ ಜಾಣತನ ಬೇಡ,
ಮಕ್ಕಳ ಉಸಿರು ನಮ್ಮ ಬಿ.ಎಂ.ಟಿ.ಸಿ. ಇದ್ದ ಹಾಗೆ,
ಬಂದರೆ ಮೂರು ಒಟ್ಟಿಗೆ, ಆಮೇಲೆ ಒಂದೂ ಇಲ್ಲ.'
ನಾವೆಲ್ಲ ನಕ್ಕಿದ್ದೆವು.

ಟಾರ್ಚನ್ನು ಗೋಡೆಗೆ ತಿರುಗಿಸಿ ಅಂಗಿ ಎತ್ತಿದೆ.
ಹೊಟ್ಟೆ ಏರಿತು, ಒಂದು.
ರಿಂಗ್ ರೋಡಿನಲ್ಲಿ ಲಾರಿ ಹೋಗಿ ಶೀಟು ನಡುಗಿತು,
ಎಣಿಕೆ ತಪ್ಪಿತು.
ಮತ್ತೆ ಒಂದರಿಂದ.
ಐವತ್ತು ಮುಟ್ಟಿದಾಗ
ಇನ್ನೂ ಹತ್ತು ಸೆಕೆಂಡು ಬಾಕಿ. ನಿಲ್ಲಿಸಲಿಲ್ಲ.
ಅರವತ್ತೊಂದು.

ಆಗ ಕಂಡಿತು:
ಉಸಿರೆಳೆದಾಗೆಲ್ಲ ಪಕ್ಕೆಯ ಕೆಳಗೆ
ಎದೆ ಒಳಕ್ಕೆ ಹೋಗುತ್ತಿತ್ತು,
ಬಾಬಿನ್ ದಾರ ಬಿಗಿಯಾದರೆ
ಬಟ್ಟೆ ತನ್ನನ್ನೇ ಸೆಳೆದುಕೊಳ್ಳುವ ಹಾಗೆ.

ಅತ್ತೆ ಬಗ್ಗಿ ನೋಡಿದರು.
'ಪಕ್ಕೆ ಸೆಳೆತ' ಅಂದರು, ಮೆಲ್ಲಗೆ.

ಆ ಮಾತು ನನಗೆ ಗೊತ್ತು.
ನನ್ನ ಹೊಕ್ಕುಳ ಪಕ್ಕ ಒಂದು ಬರೆ ಇದೆ,
ಬಳೆಚೂರು ಕಾಯಿಸಿ ಇಟ್ಟದ್ದು,
ಮಾಗಡಿಯ ಹತ್ತಿರ, ನಾನು ಎರಡು ವರ್ಷದವಳಿದ್ದಾಗ.
ನಮ್ಮಜ್ಜಿಗೂ ಕಣ್ಣಿತ್ತು.
ಗುರುತು ಸಿಕ್ಕಿತ್ತು ಅವಳಿಗೆ.
ಗುರುತು ಸಿಕ್ಕ ಮೇಲೆ ಹೋಗಲು
ಒಲೆಯೊಂದೇ ಹತ್ತಿರವಿತ್ತು.

ಬಾಗಿಲು ತೆಗೆದೆ. ಅತ್ತೆ ತಡೆಯಲಿಲ್ಲ,
ರಸದ ಬಟ್ಟಲು ಪಕ್ಕಕ್ಕಿಟ್ಟು
ಕುಲಾವಿ ಹುಡುಕಿಕೊಟ್ಟರು.

ಎರಡೂಕಾಲಿಗೆ ಆಟೋ. ಮೀಟರ್ ಕೇಳಲಿಲ್ಲ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಕೆಂಪು ಅಂಕಿಗಳು ಇಳಿಯುತ್ತಿದ್ದವು,
ಮಡಿಲಲ್ಲಿ ನನ್ನವು ಏರುತ್ತಿದ್ದವು.

ಆಸ್ಪತ್ರೆಯಲ್ಲಿ, ನಿದ್ದೆಗಣ್ಣಿನ ಎಳೆಯ ಡಾಕ್ಟರು
ತಲೆ ಎತ್ತದೆ ಕೇಳಿದಳು: 'ಎಷ್ಟು ದಿನದಿಂದ ಕೆಮ್ಮು?'
'ಅರವತ್ತೊಂದು' ಅಂದೆ.

ಪೆನ್ನು ನಿಂತಿತು.
ಎದ್ದು ಬಂದಳು, ಅಂಗಿ ಎತ್ತಿದಳು,
ಕೈಗಡಿಯಾರ ಬೆಳಕಿಗೆ ಹಿಡಿದಳು.
ಸರದಿಯಲ್ಲಿ ಯಾರೋ ಗೊಣಗಿದರು.
ಅವಳು ತಿರುಗಲಿಲ್ಲ,
ಪೂರಾ ಒಂದು ನಿಮಿಷ.