ಮಡಿಕೆ

ಮುಹರ್ರಕ್‌ನ ಮೀನುಪೇಟೆ ಹಿಂದಿನ ಓಣಿ,
ಇಸ್ತ್ರಿಯಂಗಡಿ, ಆಗಸ್ಟು.
ಹಬೆಯಲ್ಲಿ ಎಲ್ಲರೂ ಕರಗುತ್ತಾರೆ,
ನಾನೊಬ್ಬ ಒಣಗಿಯೇ ನಿಂತಿರುತ್ತೇನೆ.
‘ಒಂದು ಹನಿ ಬೆವರಿಲ್ಲ, ಏನು ದುಡಿದೆ ನೀನು?’
ಮೇಸ್ತ್ರಿ ಅರ್ಧ ದಿನದ ಸಂಬಳ ಹಿಡಿದ.
ಮೈಗಳ್ಳ ಅಂದಿದ್ದರು ಗಂಗೊಳ್ಳಿಯ ಡ್ರಿಲ್ ಮಾಸ್ತರೂ,
ಅಂಗಾಲು ಉರಿದು ಮೈದಾನದ ನಡುವೆ ಕೂತವನಿಗೆ.

ಸುಳ್ಳಲ್ಲ ಮಾರಾಯ್ರೆ,
ಕಳ್ಳ ಇದ್ದದ್ದು ಮೈಯಲ್ಲೇ.
ಡಾಕ್ಟರ್ ಥುರಯ್ಯಾ ಚೀಟಿಯ ಬೆನ್ನಿಗೆ ಗೀಚಿದರು:
ಕಣಕ್ಕೊಂದು ಕಸದ ಕೋಣೆ,
ಕಸ ಕರಗಿಸಲು ಒಂದು ಕಿಣ್ವ.
ನನ್ನದರಲ್ಲಿ ಒಂದೇ ಅಕ್ಷರ ತಪ್ಪು.
ಆಮೇಲೆ ಪದ ಸಿಗದೆ
ಮೇಜಿನ ಕರವಸ್ತ್ರ ಮಡಚಿ ತೋರಿಸಿದರು,
ಓರೆ ಮಡಚಿ, ಕೈಬಿಟ್ಟರು. ಬಿಚ್ಚಿಕೊಂಡಿತು.
ಮಡಿವಾಳರ ಮನೆಯವನಿಗೆ
ಇಷ್ಟು ಸಾಕು.

ಮಡಿಕೆ ಕೂರದ್ದನ್ನು ಬಾಗಿಲಲ್ಲೇ ಹರಿದೆಸೆಯುತ್ತದಂತೆ ಮೈ.
ಒಳಗೆ ಜಿಡ್ಡು ಕೂಡುತ್ತಾ ಬರುತ್ತದೆ,
ನರದ ತುದಿಗೆ, ಮೂತ್ರಪಿಂಡಕ್ಕೆ, ಎದೆಗೆ.
ಅಬ್ಬೆ ರಾತ್ರಿಯಿಡೀ ನನ್ನ ಪಾದಕ್ಕೆ
ಯಾರದೋ ಮನೆಯ ಒದ್ದೆ ಪಂಚೆ ಸುತ್ತುತ್ತಿದ್ದಳು.
ಅವಳಿಂದಲೇ ಬಂದದ್ದೆಂದು
ಅವಳಿಗೆ ಗೊತ್ತಾಗಲಿಲ್ಲ. ಒಳ್ಳೆಯದೇ ಆಯಿತು.

ಈಗ ದಿನ ಬಿಟ್ಟು ದಿನ ಒಂದು ಗುಳಿಗೆ,
ಹಿಂದೆ ಎರಡು ತಾಸು, ಮುಂದೆ ಎರಡು ತಾಸು ಉಪವಾಸ.
ಗುಳಿಗೆ ಕಸ ಕರಗಿಸುವುದಿಲ್ಲ.
ಹೊಸ ಶರ್ಟಿನ ಗುಂಡುಸೂಜಿ ಅದು:
ಕೋಣೆ ಮುಟ್ಟುವ ತನಕ ಮಡಿಕೆ ಹಿಡಿಯುತ್ತದೆ.
ತೊಡುವ ಮುಂಚೆ ಸೂಜಿ ಕೀಳಲೇಬೇಕು;
ಅದಕ್ಕೇ ನಡುವೆ ಒಂದು ಖಾಲಿ ದಿನ.

ಎಲ್ಲರ ತಪ್ಪಿಗೂ ಇದು ಹೊಂದುವುದಿಲ್ಲವಂತೆ.
ನನ್ನದು ಹೊಂದುವ ತಪ್ಪು.
ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು.
ಬೆಲೆ ಕೇಳಬೇಡಿ. ಯಾವುದೋ ದಾನನಿಧಿ
ಒಂದು ವರ್ಷಕ್ಕೆ ಒಪ್ಪಿದೆ.
ವೀಸಾದಲ್ಲೂ ಅಷ್ಟೇ ಉಳಿದಿದೆ.

ಇನ್ನೊಂದು ಮಾತನ್ನು ಡಾಕ್ಟರು ಕೊನೆಗೆ ಹೇಳಿದರು,
ಪೆನ್ನು ಮುಚ್ಚಿ, ಮೆಲ್ಲಗೆ:
ಅಪ್ಪನ ಈ ತಪ್ಪು ಮಗನಿಗೆ ಹೋಗುವುದಿಲ್ಲ,
ಮಗಳಿಗೆ ತಪ್ಪುವುದಿಲ್ಲ.
ಕೆಲವರಿಗೆ ಉರಿ, ಕೆಲವರಿಗೆ ಬರೀ ಹೊರೆ.

ಶುಕ್ರವಾರ. ಫೋನಿನ ತುಂಬ ಪ್ರಣಿತಾ,
ಕಬಡ್ಡಿಯಲ್ಲಿ ಮೂವರನ್ನು ಔಟ್ ಮಾಡಿದ ಕತೆ.
‘ಆಡಿದ ಮೇಲೆ ಬೆವರಿತೇನೇ?’ ಕೇಳಿದೆ.
‘ಇದೆಂತ ಪ್ರಶ್ನೆ ಅಪ್ಪಾ!’ ನಕ್ಕಳು,
ಚಪ್ಪಲಿ ಕಳಚಿ ತಣ್ಣನೆಯ ನೆಲಕ್ಕೆ
ಎರಡೂ ಪಾದ ಒತ್ತಿ ಕೂತಳು.

ಇವತ್ತು ಗುಳಿಗೆ ಇಲ್ಲದ ದಿನ.