ಮೂವತ್ತೇಳು ಸೆಂಟಿಮೀಟರ್

ಹತ್ತೊಂಬತ್ತಕ್ಕೆ ಸೇನೆ ನನ್ನನ್ನು ಕರೆದಾಗ
ಪಾದ ಚಪ್ಪಟೆಯೆಂದು ಡಾಕ್ಟರು ಬರೆದುಕೊಟ್ಟರು.
ಅದು ಚಪ್ಪಟೆಯಾಗಲು ಅಪ್ಪ ಕೊಟ್ಟದ್ದು
ಅರ್ಧ ಹಂದಿ, ಎರಡು ಬಾಟಲಿ ಪ್ಲಮ್ ಸಾರಾಯಿ.
ಅರವತ್ತೊಂದಕ್ಕೆ
ಅದೇ ಸೇನೆಯ ಹಳೇ ಲಾರಿಗೆ
ನಾನೇ ಹೋಗಿ ಹಣ ಸುರಿದು ಬಂದೆ.
‘ಕರೆದಾಗ ಹೋಗದವರು
ಕರೆಯದೆ ಹೋಗುತ್ತಾರೆ’ ಎಂದಳು ಲ್ಯೂಬಾ,
ಹಿಟ್ಟು ನಾದುತ್ತಲೇ.

ಓಲೊಮೊತ್ಸ್ ಆಚೆಯ ಡಿಪೋ. ಸೊಂಟದೆತ್ತರ ತುರಿಕೆಗಿಡ.
ಅದರೊಳಗೆ ಸಾಲಾಗಿ ಪ್ರಾಗಾ ಲಾರಿಗಳು,
ಆಜ್ಞೆ ಮರೆತುಹೋದ ಪೆರೇಡಿನ ಹಾಗೆ.
ಹನ್ನೆರಡನೆಯದರ ಬಾನೆಟ್ಟಿನೊಳಗೆ ಹಕ್ಕಿ ಮರಿ ಮಾಡಿತ್ತು.
ಹದಿಮೂರನೆಯದಕ್ಕೆ ಯಾರೂ ಬೆಲೆ ಕೂಗಲಿಲ್ಲ.
ಎಂಬತ್ತೆರಡು ಸಾವಿರ ಕೊರುನಾ:
ಒಂದು ಕೆಟ್ಟ ಪಿಯಾನೋದ ಬೆಲೆ.

ನಾನು ಪಿಯಾನೋ ಶ್ರುತಿ ಮಾಡುವವನು.
ತಂತಿ, ಪಿನ್ನು, ಉಣ್ಣೆ ಹೊದ್ದ ಸುತ್ತಿಗೆ ಇಷ್ಟೇ ಗೊತ್ತು.
ಗ್ರೀಸು ಗೊತ್ತಿರುವುದು ವ್ಲಾಸ್ತಿಮಿಲ್‌ಗೆ,
ಸಹಕಾರಿ ಫಾರ್ಮಿನಲ್ಲಿ ಮೂವತ್ತು ವರ್ಷ
ಟ್ರ್ಯಾಕ್ಟರುಗಳ ಹೊಟ್ಟೆಯಡಿ ಅಂಗಾತ ಮಲಗಿದವನಿಗೆ.
‘ಇದಕ್ಕೆ ನೀರು ಬೇಡ, ಗಾಳಿಯೇ ತಂಪು.
ಕುಡಿಯುವುದು ಡೀಸೆಲ್ಲು,
ಆಮೇಲೆ ನಿನ್ನ ಭಾನುವಾರಗಳು.’
ಆರು ಚಕ್ರ, ಆರು ಸಿಲಿಂಡರು, ಗಂಟೆಗೆ ಅರವತ್ತು ಕಿಲೋಮೀಟರು,
ಅದೂ ಇಳಿಜಾರಿನಲ್ಲಿ, ದೇವರು ಮನಸ್ಸು ಮಾಡಿದರೆ.

ಬ್ರೇಕಿನ ರಬ್ಬರು ಪೋಲೆಂಡಿನಿಂದ ಬಂತು,
ತಪ್ಪು ಅಳತೆ. ಮತ್ತೆ ಬಂತು, ಮತ್ತೆ ತಪ್ಪು.
ಹಲಗೆ ಕಿತ್ತು ಹಲಗೆ ಹಾಕಿದೆವು.
ಹಸಿರು ಬಣ್ಣದಡಿ ಹಸಿರು, ಅದರಡಿ ಇನ್ನೊಂದು ಹಸಿರು.

ವಾಲ್ವುಗಳ ಸಂದು ನೋಡಲು ವ್ಲಾಸ್ತಿಮಿಲ್
ತಗಡಿನ ಎಸಳು ತುರುಕಿ ಅಳೆಯುತ್ತಿದ್ದ.
ನಾನು ಕಣ್ಣು ಮುಚ್ಚಿ ಕೇಳಿ
‘ನಾಲ್ಕನೆಯದು ಕೂದಲೆಳೆ ಸಡಿಲ’ ಅಂದೆ.
ನಕ್ಕ. ಬಗ್ಗಿ ಅಳೆದ.
ಏನೂ ಹೇಳದೆ ಕೈ ಒರೆಸಿಕೊಂಡು ಬಿಗಿ ಮಾಡಿದ.
ಆವತ್ತಿನಿಂದ ಬಿಯರಿನ ದುಡ್ಡು ಅವನೇ ಕೊಡುತ್ತಾನೆ.

ಸೀಟು ಬಿಚ್ಚಿದಾಗ ಸಿಕ್ಕಿದ್ದು
ಒಂದು ಗುಂಡಿ, ಸಿಗರೇಟಿನ ಬೂದಿ,
ದರ್ಜಿಯ ಅಳತೆಪಟ್ಟಿಯ ತುಂಡು.
ಆಗೆಲ್ಲ ಹುಡುಗರು, ಬಿಡುಗಡೆಗೆ ನೂರೈವತ್ತು ದಿನ ಉಳಿದಾಗ
ಪಟ್ಟಿ ಕೊಂಡು ದಿನಕ್ಕೊಂದು ಸೆಂಟಿಮೀಟರ್
ಕತ್ತರಿಸುತ್ತಿದ್ದರಂತೆ.
ವ್ಲಾಸ್ತಿಮಿಲ್ ಕತ್ತರಿಸಿದ್ದ. ನನಗೆ ಗೊತ್ತಿರಲಿಲ್ಲ.
ಇದು ಮೂವತ್ತೇಳಕ್ಕೆ ನಿಂತಿತ್ತು.

‘ಕಳೆದುಹೋಗಿರಬಹುದು. ಇನ್ನೊಂದು ಕೊಂಡಿರುತ್ತಾನೆ.
ಇಲ್ಲ...’
ಅಷ್ಟಕ್ಕೆ ನಿಲ್ಲಿಸಿ ಹದಿನೇಳರ ಸ್ಪ್ಯಾನರ್ ಕೇಳಿದ.
ಕೊಟ್ಟೆ.
ರಿಜಿಸ್ಟರಿನಲ್ಲಿ ಒಂದು ತಲೆ ಕಮ್ಮಿಯಾದರೆ
ಇನ್ನೊಂದು ತಲೆ ತರುತ್ತಾರೆ;
ಅರ್ಧ ಹಂದಿಗೆ ಆ ಲೆಕ್ಕ ತಿಳಿದಿರಲಿಕ್ಕಿಲ್ಲ.
ಅಪ್ಪನಿಗೆ ತಿಳಿದಿತ್ತೇ?

ಫೆಬ್ರವರಿಯಲ್ಲಿ ಗುಡ್ಡದ ಶಾಲೆಯ ಡ್ರಾಹೊಮೀರಾ ಟೀಚರ್ ಫೋನು:
ಪಿಯಾನೋ ಯಾರೋ ದಾನ ಕೊಟ್ಟಿದ್ದಾರೆ,
ಮಂಜಿನಲ್ಲಿ ಮೇಲೆ ತರುವವರಿಲ್ಲ.
ಎಂಟು ಕಂಬಳಿ ಸುತ್ತಿ, ಹಗ್ಗ ಬಿಗಿದು ಹತ್ತಿಸಿದೆವು.
ತಿರುವಿಗೊಮ್ಮೆ ಹಿಂದಿನಿಂದ
ಮಂದ್ರದ ತಂತಿಗಳು ತಾವಾಗಿ ಗುಂಯ್ಗುಟ್ಟುತ್ತಿದ್ದವು,
ಮುಂದಿನಿಂದ ಆರು ಸಿಲಿಂಡರು.
ಒಂದಕ್ಕೊಂದು ಸೇರುತ್ತಿರಲಿಲ್ಲ,
ನಿಜ ಹೇಳುತ್ತೇನೆ, ಒಂದು ಕ್ಷಣವೂ ಸೇರಲಿಲ್ಲ.
ಆದರೂ ಮೇಲೆ ಹೋದೆವು.

ಮಕ್ಕಳು ಪಿಯಾನೋ ಬಿಟ್ಟು ಚಕ್ರ ಮುಟ್ಟಿದರು.
ಒಬ್ಬಳು ಕೇಳಿದಳು: ‘ತಾತ, ನೀವು ಸಿಪಾಯಿಯೇ?’
‘ಇಲ್ಲ, ನನ್ನ ಪಾದ ಚಪ್ಪಟೆ.’
ಬೂಟು ಬಿಚ್ಚಿ ತೋರಿಸು ಎಂದಳು.
ಚಳಿಯೆಂದು ತಪ್ಪಿಸಿಕೊಂಡೆ.

ಪಟ್ಟಿಯನ್ನು ಮತ್ತೆ ಸೀಟಿನಡಿಯೇ ಇಟ್ಟಿದ್ದೇನೆ.
‘ದಿನಕ್ಕೊಂದು ಕತ್ತರಿಸಿ ಮುಗಿಸಿಬಿಡಬಾರದೆ?’
ಎನ್ನುತ್ತಾಳೆ ಲ್ಯೂಬಾ.
ಕತ್ತರಿ ಕೈಗೆ ಬರುತ್ತದೆ. ದಿನಗಳು ನನ್ನವಲ್ಲ.

ಅಂಗಳದಲ್ಲಿ ಎಣ್ಣೆ ಸೋರುತ್ತಿದೆ.
ಎಲ್ಲಿಂದ ಅಂತ ವ್ಲಾಸ್ತಿಮಿಲ್‌ಗೂ ಹೊಳೆದಿಲ್ಲ.
ಕೇಕಿನ ಹಳೇ ತಟ್ಟೆಯೊಂದನ್ನು ಲ್ಯೂಬಾ
ಗೊಣಗುತ್ತಲೇ ಅಡಿಗೆ ತಳ್ಳಿದಳು.
ರಾತ್ರಿ ಎಚ್ಚರವಾದರೆ ಕೇಳುತ್ತದೆ:
ಟಪ್.
ಕೋಮಲ ಗಾಂಧಾರ, ಕೊಂಚ ಇಳಿದದ್ದು.