ಇವತ್ತಿನ ದರ

ಮತೊಸಿನ್ಯೋಸ್ ಬಂದರಿನಲ್ಲಿ
ಮೂವತ್ತೊಂದು ವರ್ಷ ಬೂತಾಯಿ ಮಾರಿದವಳು ಜುಲ್ಮೀರಾ.
ಅವಳು ಕೂಗಿದರೆ
ಕಡಲಹಕ್ಕಿಗಳೂ ದರ ವಿಚಾರಿಸಲು ಬರುತ್ತಿದ್ದವು.
ಊಟ ಬಲ್ಲವಳು, ಮಾತೂ ಬಲ್ಲವಳು.
ಆದರೂ ರೋಗ ಬಂತು.
ಜಗಳ ಹೋಯಿತು. ನನಗೆ ದಿಗಿಲು ಅದೇ.

ಮೊದಲ ಸುತ್ತಿನ ಔಷಧಿ ತೋಳಿನಲ್ಲಿ ಇಳಿದು
ಏಳನೆಯ ದಿನಕ್ಕೆ ಬಾಯಿಗೆ ಬಂತು.
ನಾಲಗೆಯ ಅಂಚು, ಕೆನ್ನೆಯ ಒಳಮೈ, ತುಟಿಯ ಹಿಂದೆ
ಬಿಳಿ ಚುಕ್ಕೆ, ಸುತ್ತ ಕೆಂಡದ ಬಳೆ.
ಎಂಜಲು ನುಂಗುವುದಕ್ಕೂ
ಕುರ್ಚಿಯ ಕೈ ಹಿಡಿಯುತ್ತಿದ್ದಳು.
ಮದುವೆಯಾದಂದಿನಿಂದ
ಅವಳ ಬಾಯಿಗೆ ಹೆದರಿ ಬದುಕಿದವನು ನಾನು;
ಈಗ ಟಾರ್ಚ್ ಹಿಡಿದು ಅದರೊಳಗೆ ಇಣುಕುತ್ತೇನೆ,
ಬೆಳಿಗ್ಗೆ, ರಾತ್ರಿ,
ಎಣಿಸುತ್ತೇನೆ: ಒಂಬತ್ತು.

ಲೋಟ ನೀರು ಕಾಯಿಸಿ ಆರಿಸು,
ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ.
ಕಡಲಿನ ಹೆಂಗಸಿಗೆ ಉಪ್ಪುನೀರಿನ ಭಯವೇ ಅಂದೆ.
ಮುಕ್ಕಳಿಸಿ ಉಗಿದಳು,
ಅರ್ಧ ಬೋಗುಣಿಗೆ, ಅರ್ಧ ನನ್ನ ಅಂಗಿಗೆ.
ಬೇಕೆಂದೇ ಇರಬೇಕು. ಹಾಗೆಂದು ಆಸೆಪಟ್ಟೆ.

ಮಗುವಿನ ಬ್ರಷ್ಷು ತಂದೆ, ಹಳದಿ, ಮೇಲೆ ಬಾತುಕೋಳಿ.
ಸುಡುವ ಬಾಟಲಿಯ ನೀಲಿ ದ್ರವ ಚರಂಡಿಗೆ ಸುರಿದೆ.
ನಿಂಬೆ, ಮೆಣಸು, ವೈನು, ರೊಟ್ಟಿಯ ಗಟ್ಟಿ ಅಂಚು
ಎಲ್ಲಕ್ಕೂ ಮನೆಯಿಂದ ಗಡೀಪಾರು.
ಸೂಪು ನುಣ್ಣಗೆ ಅರೆದು, ಆರಲು ಇಟ್ಟು,
ಆರಿತೇ ಎಂದು ಬೆರಳದ್ದುವುದು,
ರಾತ್ರಿ ಎರಡಕ್ಕೆದ್ದು ಜ್ವರ ನೋಡುವುದು.
ಜೂನ್ ತಿಂಗಳು ಬೇರೆ, ಬೀದಿಯುದ್ದಕ್ಕೂ
ಒಲೆಗಳ ಮೇಲೆ ಬೂತಾಯಿ, ಹೊಗೆ, ಹಾಡು.
ಕಿಟಕಿ ಮುಚ್ಚಲು ಹೋದೆ.
ಬೇಡ ಎಂದು ಕೈ ಮಾಡಿದಳು.
ಮೂಗಿಗೆ ಹುಣ್ಣಾಗಿಲ್ಲವಲ್ಲ.

ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?
ನರ್ಸ್ ಎಲೊಯೀಜಾ ಕೇಳಿದರೆ
ಅಂಗಡಿಯ ಕರಿಹಲಗೆ ತರಿಸಿಕೊಂಡು
ಸೀಮೆಸುಣ್ಣದಲ್ಲಿ ಬರೆದಳು: ಆಕ್ಟೋಪಸ್.
ಮರುದಿನ: ಬಂಡೆಚಿಪ್ಪು. ದರ ಕೇಳಬೇಡಿ.
ಬಂಡೆಚಿಪ್ಪು ಕೀಳಲು ಹೋಗಿ
ಅಲೆಗೆ ಸಿಕ್ಕಿ ಸತ್ತವರುಂಟು,
ನಮ್ಮಲ್ಲಿ ಅದಕ್ಕಿಂತ ದುಬಾರಿ ಇನ್ನೊಂದಿಲ್ಲ.
ವಿವರಿಸಿದೆ.
ಎಲೊಯೀಜಾ ಹಲಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ
ಡಾಕ್ಟರಿಗೆ ಫೋನು ಮಾಡಿದಳು.
ಆ ಸಂಜೆ ಹೊಸ ಮದ್ದು ಬಂತು, ನಿದ್ದೆಯೂ.

ಎರಡನೆಯ ಸುತ್ತಿಗೆ ಮೊದಲು ಎಲೊಯೀಜಾ ಅಂದಳು:
ಈ ಸಲ ಐಸ್.
ಔಷಧಿ ಏರುವ ಮುಂಚೆ, ಏರುವಾಗ, ಅರ್ಧ ಗಂಟೆ
ಬಾಯಿ ತುಂಬ ಐಸ್ ಚೂರು.
ತಂಪಿಗೆ ನಾಳಗಳು ಮುದುಡಿ
ಆ ವಿಷ ಬಾಯಿಯ ಕಡೆ ಕಡಿಮೆ ಸುಳಿಯುತ್ತದೆ.
ನಾನು ಬಂದರಿನ ಐಸ್ ಕಾರ್ಖಾನೆಯವನು,
ಇಪ್ಪತ್ತೆಂಟು ವರ್ಷ. ಎರಡು ಬೆರಳುಗಳಿಗೆ ಇಂದಿಗೂ ಜೀವವಿಲ್ಲ.
ಎದ್ದು ನಿಂತೆ: ಒಂದು ಪೆಟ್ಟಿಗೆ ಸಾಕೇ? ಎರಡು?
ಅವಳು ನಕ್ಕಳು. ಮೀನಿನ ಐಸ್ ಬೇಡ ಅಬೀಲಿಯೋ,
ಮನೆಯಲ್ಲಿ ಕಾಯಿಸಿದ ನೀರಿನದು, ಚಿಕ್ಕ ಚೂರು, ಚೂಪಿಲ್ಲದ್ದು.

ರಾತ್ರಿಯೆಲ್ಲ ಟ್ರೇ ತುಂಬಿದೆ.
ಜೀವಮಾನದಲ್ಲಿ ಟನ್ನುಗಟ್ಟಲೆ ಮಾಡಿದ್ದೆಲ್ಲ
ಸತ್ತ ಮೀನು ಕೆಡದಿರಲೆಂದು.
ಚೂರಿನ ಅಂಚನ್ನು ಬೆಚ್ಚನೆ ಬಟ್ಟೆಯಿಂದ ಸವರಿದ್ದು
ಇದೇ ಮೊದಲು.

ಕುರ್ಚಿಯಲ್ಲಿ ಒರಗಿ, ತೋಳಿಗೆ ನಳಿಗೆ,
ಕೆನ್ನೆಯುಬ್ಬಿ, ಕಣ್ಣಲ್ಲಿ ನೀರು,
ನನ್ನನ್ನು ದುರುಗುಟ್ಟುತ್ತಾ ಬರೆದಳು:
ಕೊನೆಗೂ ನನ್ನನ್ನೇ ಮೀನು ಮಾಡಿದೆಯಲ್ಲ.

ಎಂಟನೆಯ ದಿನ ಟಾರ್ಚ್ ಹಿಡಿದೆ.
ಎಡಗೆನ್ನೆಯಲ್ಲಿ ಒಂದು, ನಾಲಗೆಯ ಕೆಳಗೆ ಒಂದು.
ಮತ್ತೆ ನೋಡಿದೆ. ಎರಡೇ.
ಹಲಗೆಯ ಮೇಲೆ ನಾನೇ ಬರೆದೆ: ಬೂತಾಯಿ.
ಕಿತ್ತುಕೊಂಡು, ಅಂಗೈಯಿಂದ ಅಳಿಸಿ,
ಬಂಗಡೆ, ಎಂದು ಬರೆದಳು.
ಎರಡಕ್ಕೆಲ್ಲ ಬಂಗಡೆಯ ದರವೇ, ಅನ್ಯಾಯ, ಅಂದು ಅಳಿಸಿದೆ.
ಅವಳು ಮತ್ತೆ ಬರೆದಳು, ಇನ್ನೂ ದಪ್ಪ ಅಕ್ಷರದಲ್ಲಿ,
ಎಷ್ಟು ಒತ್ತಿ ಎಂದರೆ
ಸೀಮೆಸುಣ್ಣ ಮುರಿಯಿತು.